ದೋಷವೆಂಬ ಮಾತು

ಶಿವನಸಮುದ್ರಕ್ಕೆ ಬರುವ ಪ್ರವಾಸಿಗಳು ಗಗನಚುಕ್ಕಿಯ ಎದುರು ನಿಂತು ನೀರು ಬೀಳುವ ಬೆಡಗನ್ನು ನೋಡಿ, ಮಧ್ಯರಂಗನ ದರ್ಶನ ಮಾಡಿಕೊಂಡು ಹಿಂದಿರುಗುತ್ತಾರೆ. ಆ ನೀರಿನ ಬಲವನ್ನು ಹಿಡಿದು ವಿದ್ಯುತ್ತನ್ನಾಗಿ ಮಾರ್ಪಡಿಸುವ ಮನೆಯು ಕೆಳಗಿನ ಕಣಿವೆಯಲ್ಲಿದೆ. ಅದನ್ನು ನೆಚ್ಚಿಕೊಂಡು ಮೇಲಿನ ದಿಣ್ಣೆಯಲ್ಲಿ ಬೆಳೆದ ವಸತಿಯೇ ನಮ್ಮ ಬ್ಲಫ್. 1902ರಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಗಣಿಗಳು 2001ರಲ್ಲಿ ಮುಚ್ಚಿದವು. ನಮ್ಮ ಮನೆಯ ಯಂತ್ರಗಳು ಮಾತ್ರ ಹೊಸತಾಗುತ್ತ, ದಿವಾನ್ ಶೇಷಾದ್ರಿ ಅಯ್ಯರವರ ಹೆಸರನ್ನು ಹೊತ್ತು, ಇನ್ನೂ ತಿರುಗುತ್ತಿವೆ. ಪಾಠಶಾಲೆಯಲ್ಲಿ ತರ್ಕವನ್ನೂ ವ್ಯಾಕರಣವನ್ನೂ ಓದಿ, ಮಳವಳ್ಳಿ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿ, ಈಗ ಜಗಲಿಯ ಮೇಲೆ ಕುಳಿತಿರುವ ನನಗೆ, ಕಾಂತಕ್ಕೂ ವಿದ್ಯುತ್ತಿಗೂ ಇರುವ ಸಂಬಂಧದ ಮೊದಲ ಪಾಠ ಈ ಕಣಿವೆಯಲ್ಲಿಯೇ ಆಯಿತು. ಅದರ ಎರಡನೆಯ ಪಾಠವು ಕಳೆದ ವರ್ಷ, ಒಂದು ದೊಡ್ಡ ಲಕೋಟೆಯ ರೂಪದಲ್ಲಿ, ನನ್ನ ಮನೆಯ ಬಾಗಿಲಿಗೇ ಬಂದಿತು.

ಲಕೋಟೆಯನ್ನು ತಂದವನು ನನ್ನ ಹಳೆಯ ಶಿಷ್ಯ. ಅವನ ಹೆಸರೂ ಊರೂ ಇಲ್ಲಿ ಬೇಡ. ಮದುವೆಯಾಗಿ ಆರು ವರ್ಷಗಳಾಗಿದ್ದುವು, ಮಕ್ಕಳಾಗಿರಲಿಲ್ಲ. ಅವನ ಹೆಂಡತಿಯನ್ನು ಮೂವರು ವೈದ್ಯರು ಪರೀಕ್ಷಿಸಿದ್ದರು. ಗರ್ಭಕೋಶದೊಳಕ್ಕೆ ಬಣ್ಣದ ದ್ರವವನ್ನು ಬಿಟ್ಟು ಕ್ಷ-ಕಿರಣದ ಚಿತ್ರ ತೆಗೆದುದಾಗಿತ್ತು, ಹೊಟ್ಟೆಗೆ ರಂಧ್ರ ಮಾಡಿ ನಳಿಗೆಯಿಟ್ಟು ನೋಡಿದುದಾಗಿತ್ತು, ಸೂಜಿಮದ್ದುಗಳಿಗೆ ಲೆಕ್ಕವಿರಲಿಲ್ಲ. ಆಕೆಯು ನಾಗರಕಲ್ಲನ್ನು ಪ್ರತಿಷ್ಠೆಮಾಡಿಸಿ, ನಲವತ್ತೆಂಟು ದಿನ ಅರಳಿಯ ಮರವನ್ನು ಸುತ್ತಿದ್ದಳು. ಅವನು ಮಾಡಿದ್ದು ಕೊರಳಿಗೆ ಒಂದು ತಾಯಿತವನ್ನು ಕಟ್ಟಿಕೊಂಡದ್ದು, ಅಷ್ಟೆ. ಆ ಬಳಿಕ ಮನೆಯ ಹಿರಿಯರು ಆಕೆಯನ್ನು ತವರಿಗೆ ಕಳುಹಿಸಿ, ಇನ್ನೊಂದು ಸಂಬಂಧದ ಮಾತನ್ನು ಎತ್ತಿದರು. ಆ ಸಮಯದಲ್ಲಿಯೇ ಅವನು ನನ್ನನ್ನು ಕಾಣಲು ಬಂದದ್ದು. "ನೀನು ಪರೀಕ್ಷೆ ಮಾಡಿಸಿಕೊಂಡೆಯೇನಪ್ಪ?" ಎಂದು ಕೇಳಿದೆ. ಬಹಳ ಹೊತ್ತು ನೆಲವನ್ನು ನೋಡಿ, "ಮೇಷ್ಟ್ರೇ, ನಂದೇ ಐಬು ಅಂತ ಗೊತ್ತಾದ್ರೆ ಊರಲ್ಲಿ ತಲೆ ಎತ್ಕೊಂಡು ಹೆಂಗೆ ತಿರುಗ್ಲಿ?" ಎಂದನು.

ವಾಚಕರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಅವನು ಸುಳ್ಳನ್ನು ಹೇಳಲಿಲ್ಲ. ತನ್ನಲ್ಲಿ ಕುಂದಿಲ್ಲವೆಂದು ಎಲ್ಲಿಯೂ ಆಣೆಯಿಡಲಿಲ್ಲ. ತಿಳಿದುಕೊಳ್ಳಬಹುದಾದುದನ್ನು ತಿಳಿಯದೆ ಉಳಿದನು, ಅಷ್ಟೆ. ಹೀಗೆ ಬುದ್ಧಿಪೂರ್ವಕವಾಗಿ ತಿಳಿಯದೆ ಉಳಿಯುವುದು ಅಸತ್ಯವಾಗುತ್ತದೆಯೆ? ಅದರ ಭಾರವನ್ನು ಮತ್ತೊಬ್ಬರು ಹೊರುತ್ತಿರುವಾಗ ಆಗುತ್ತದೆಯೆ? ಈ ಲೇಖನವು ಬಿಡಿಸಲು ಹೊರಟಿರುವ ಗಂಟು ಇದು.

ಗಂಟನ್ನು ಬಿಡಿಸುವ ಮುಂಚೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಒಪ್ಪಿಕೊಳ್ಳದೆ ಇನ್ನೊಬ್ಬರಿಗೆ ಧರ್ಮ ಹೇಳುವುದು ನನಗೆ ಸಲ್ಲದು. 1989ನೆಯ ಇಸವಿ, ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದುವು. ಪಾಠ ಹೇಳುತ್ತಿದ್ದ ಹಳ್ಳಿಯಲ್ಲಿ ಇಂಥದೇ ಒಂದು ನ್ಯಾಯ ಗುಡಿಯ ಜಗಲಿಯ ಮೇಲೆ ಸೇರಿತು. ಗಂಡನಿಗೆ ಹೊಲವಿತ್ತು, ಬಂಧುಬಳಗವಿತ್ತು. ಒಂಬತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಮಕ್ಕಳಿರಲಿಲ್ಲ. ಬಿಡುಗಡೆಯ ಕಾಗದ ಬರೆಸಬೇಕೆಂದು ಮಾತಾಯಿತು. ಸಂಸ್ಕೃತ ಬಲ್ಲವನೆಂಬ ಹೆಸರಿದ್ದುದರಿಂದ ನನ್ನನ್ನೂ ಕರೆದು, "ಶಾಸ್ತ್ರ ಏನು ಹೇಳುತ್ತದೆ?" ಎಂದು ಕೇಳಿದರು. ಬಂಜೆಯಾದ ಹೆಂಡತಿಯಿರುವಾಗ ಎಂಟನೆಯ ವರ್ಷದಲ್ಲಿ ಮತ್ತೊಬ್ಬಳನ್ನು ತರಬಹುದೆಂಬ ಮನುವಿನ ವಿಧಿಯನ್ನು ನಾನು ಶ್ಲೋಕಸಹಿತವಾಗಿ ಹೇಳಿದೆನು. 1955ರ ವಿವಾಹ ಕಾಯಿದೆಯು ಎರಡನೆಯ ಹೆಂಡತಿಯನ್ನು ನಿಷೇಧಿಸಿದೆಯೆಂಬುದನ್ನೂ, ಮಕ್ಕಳಿಲ್ಲವೆಂಬುದು ವಿಚ್ಛೇದನೆಗೆ ಕಾರಣವೇ ಅಲ್ಲವೆಂಬುದನ್ನೂ ಬಲ್ಲವನಾಗಿದ್ದರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಕಂಬದ ಮರೆಯಲ್ಲಿ ನಿಂತಿದ್ದ ಆ ಹೆಂಗಸು ಒಂದೇ ಒಂದು ಮಾತನ್ನಾಡಿದಳು: "ಅವ್ರನ್ನೂ ಒಂದ್ಸಲ ಡಾಕ್ಟ್ರಿಗೆ ತೋರ್ಸಿ, ಆಮ್ಯಾಕೆ ನನ್ನ ಕಳ್ಸಿ." ನೆರೆದವರು ನಕ್ಕರು. ನಾನೂ ನಕ್ಕೆನೆಂಬುದು ನನಗೆ ಚೆನ್ನಾಗಿ ನೆನಪಿದೆ.

ಅವಳು ಅಣ್ಣನ ಮನೆಯನ್ನು ಸೇರಿ ಕೂಲಿನಾಲಿ ಮಾಡಿ ಬದುಕಿದಳು. ಎರಡನೆಯ ಹೆಣ್ಣು ಆ ಮನೆಗೆ ಬಂದಳು, ಅವಳಿಗೂ ಮಕ್ಕಳಾಗಲಿಲ್ಲ. ಆಗ ಜನ, ಮೊದಲನೆಯವಳ ಕಣ್ಣೀರಿನ ಶಾಪವೆಂದರು. ಶಾಪವೆಂದರೇ ಹೊರತು, ಆಗಲೂ ಅವನನ್ನು ತೋರಿಸಬೇಕೆಂದು ಒಬ್ಬರಿಗೂ ತೋಚಲಿಲ್ಲ. ಮೊದಲನೆಯವಳಲ್ಲಿ ಕುಂದಿದ್ದಿತೋ ಇಲ್ಲವೋ ಇಂದಿಗೂ ಯಾರೂ ಅರಿಯರು; ಏತಕ್ಕೆಂದರೆ ಯಾರೂ ನೋಡಲಿಲ್ಲ. ನೋಡದೆಯೇ ತೀರ್ಪಾಯಿತು, ಆ ತೀರ್ಪಿಗೆ ನನ್ನ ಶ್ಲೋಕ ಮುದ್ರೆಯಾಯಿತು.

ನಾನು ಅಂದು ಹೇಳಿದ ವಾಕ್ಯ ಶಾಸ್ತ್ರದಲ್ಲಿ ಇಲ್ಲದ್ದಲ್ಲ. ಆದರೆ ಅದೇ ಶಾಸ್ತ್ರರಾಶಿಯಲ್ಲಿ ಬೇರೆ ವಾಕ್ಯಗಳೂ ಇವೆ. ವರನ ಪುಂಸ್ತ್ವವನ್ನು ಯತ್ನಪೂರ್ವಕವಾಗಿ ಪರೀಕ್ಷಿಸಿ ಕನ್ಯೆಯನ್ನು ಕೊಡಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ನಾರದಸ್ಮೃತಿಯು ಪುರುಷರಲ್ಲಿ ಕಾಣುವ ಅಸಾಮರ್ಥ್ಯವನ್ನು ಹದಿನಾಲ್ಕು ಬಗೆಯಾಗಿ ವಿಂಗಡಿಸಿ, ಯಾವುದು ಚಿಕಿತ್ಸೆಗೆ ಒಗ್ಗುತ್ತದೆ, ಯಾವುದು ಒಗ್ಗದು ಎಂದು ವಿಚಾರ ಮಾಡುತ್ತದೆ. ಬೀಜವುಳ್ಳವನಿಗೇ ಕ್ಷೇತ್ರ ಸಲ್ಲತಕ್ಕದ್ದು ಎನ್ನುತ್ತದೆ. ಗರ್ಭವು ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಬೇಕೆಂದು ಸುಶ್ರುತನು ಹೇಳಿದ್ದಾನೆ. ಚರಕನು ಶುಕ್ರದ ದೋಷಗಳನ್ನು ಎಂಟಾಗಿ ಎಣಿಸಿದ್ದಾನೆ. ಇವರ ಪರೀಕ್ಷೆಗಳು ಸ್ಥೂಲವಾದುವೆಂಬುದು ನಿಜ. ಗಂಡಸುತನ ಬೇರೆ, ಬೀಜಶಕ್ತಿ ಬೇರೆ. ಮೊದಲನೆಯದರಲ್ಲಿ ಯಾವ ಕೊರತೆಯೂ ಇಲ್ಲದವನಲ್ಲಿ ಎರಡನೆಯದು ಸೊನ್ನೆಯಾಗಿರಬಹುದೆಂಬುದು ಅವರಿಗೆ ಗೋಚರವಾಗುವಂತಿರಲಿಲ್ಲ. ವೀರ್ಯಾಣುವನ್ನು ಮನುಷ್ಯನ ಕಣ್ಣು ಸೂಕ್ಷ್ಮದರ್ಶಕದ ಮೂಲಕ ಮೊದಲು ಕಂಡದ್ದು 1677ರಲ್ಲಿ, ಹಾಲೆಂಡಿನ ಲೇವನ್‌ಹುಕ್ ಎಂಬಾತನಿಂದ. ಆದರೂ ಪುರುಷನನ್ನು ಪರೀಕ್ಷಿಸಬೇಕೆಂಬ ತತ್ತ್ವವನ್ನು ಹಿಂದಿನವರು ಬಿಟ್ಟಿರಲಿಲ್ಲ. ಎಂಟನೆಯ ವರ್ಷದ ವಿಧಿಯೊಂದನ್ನು ನೆನಪಿಟ್ಟು, ಉಳಿದುದನ್ನು ಮರೆತವರು ನಾವು. ಅನುಕೂಲವಾದ ಶ್ಲೋಕಕ್ಕೆ ಆಯುಸ್ಸು ಹೆಚ್ಚು.

ನಮ್ಮ ಭಾಷೆಯೂ ಈ ಪಕ್ಷಪಾತಕ್ಕೆ ಸಾಕ್ಷಿಯಾಗಿದೆ. ಕನ್ನಡದಲ್ಲಿ ಬಂಜೆ ಎಂಬ ಮಾತುಂಟು. ಅದು ಸಂಸ್ಕೃತದ ವಂಧ್ಯಾ ಶಬ್ದದ ತದ್ಭವ. ಮೂಲಶಬ್ದಕ್ಕೆ ಮೂರು ಲಿಂಗಗಳೂ ಉಂಟು. ಫಲವಿಲ್ಲದ ಮರಕ್ಕೂ, ಫಲವಿಲ್ಲದ ಪ್ರಯತ್ನಕ್ಕೂ ಅದು ಸಲ್ಲುತ್ತದೆ. ಕನ್ನಡಕ್ಕೆ ಬರುವಾಗ ಹೆಂಗಸಿನ ರೂಪವೊಂದೇ ಬಂದು ಮನೆಮನೆಯಲ್ಲಿ ನಿಂತಿತು. ಗಂಡಸಿಗೆ ಸಲ್ಲುವ ಜೊತೆಯ ಮಾತು ಬರಲಿಲ್ಲ. ತರ್ಕದ ಪಾಠದಲ್ಲಿ ಎಂದಿಗೂ ಇಲ್ಲದ ವಸ್ತುವಿಗೆ ವಂಧ್ಯಾಪುತ್ರನನ್ನೂ ಮೊಲದ ಕೊಂಬನ್ನೂ ಉದಾಹರಣೆಯಾಗಿ ಕೊಡುವುದು ವಾಡಿಕೆ. ಬಂಜೆಯ ಮಗನೆಂಬವನು ಅಸಂಭವನಾದರೆ, ಬೀಜವಿಲ್ಲದ ಗಂಡಸಿನ ಮಗನೂ ಅಷ್ಟೇ ಅಸಂಭವನಲ್ಲವೆ? ಆ ಉದಾಹರಣೆಯನ್ನು ಕೊಟ್ಟ ನೈಯಾಯಿಕನನ್ನು ನನ್ನ ಓದಿನಲ್ಲಿ ನಾನು ಕಂಡಿಲ್ಲ. ನಾನೇ ಮೂವತ್ತು ವರ್ಷ ಪಾಠ ಹೇಳಿದಾಗಲೂ ಅದು ನನಗೆ ಹೊಳೆದಿರಲಿಲ್ಲ.

ಇನ್ನು ಇಂದಿನ ವೈದ್ಯಶಾಸ್ತ್ರದ ಮಾತು. ಒಂದು ವರ್ಷ ಕಾಲ ತಡೆಯಿಲ್ಲದ ದಾಂಪತ್ಯವಿದ್ದೂ ಗರ್ಭ ನಿಲ್ಲದಿದ್ದರೆ ಅದನ್ನು ಪರೀಕ್ಷೆಗೆ ತಕ್ಕ ಸಂಗತಿಯೆಂದು ಎಣಿಸುತ್ತಾರೆ. ಪ್ರಪಂಚದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಬಾಳಿನ ಒಂದಲ್ಲ ಒಂದು ಘಟ್ಟದಲ್ಲಿ ಈ ಕಷ್ಟವನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನಲ್ಲಿಯೂ ಕಾರಣ ದೊರಕುತ್ತದೆ. ಐದರಲ್ಲಿ ಒಂದರಷ್ಟು ಕಡೆ ಅವನೊಬ್ಬನಲ್ಲಿಯೇ. ಮೊದಲು ಮಾಡತಕ್ಕದ್ದು ವೀರ್ಯಪರೀಕ್ಷೆ. ಎರಡರಿಂದ ಏಳು ದಿನಗಳ ಸಂಯಮವೇ ಅದಕ್ಕೆ ಬೇಕಾದ ವ್ರತ. ಸೂಜಿಯಿಲ್ಲ, ಕತ್ತಿಯಿಲ್ಲ, ನೋವಿಲ್ಲ, ಖರ್ಚು ಅಲ್ಪ. ಮೊದಲ ಸಲದ ಫಲ ಸರಿಯಿಲ್ಲದಿದ್ದರೆ ಇನ್ನೊಂದು ಸಲ ನೋಡಿಯೇ ನಿರ್ಣಯಿಸಬೇಕು. ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳೆಂಬುದು 2021ರಲ್ಲಿ ಹಾಕಿಕೊಟ್ಟ ಕೆಳಗಿನ ಗೆರೆ. ಅದೂ ಕಲ್ಲಿನ ಗೆರೆಯಲ್ಲ. ಒಂದು ವರ್ಷದೊಳಗೆ ಹೆಂಡತಿಗೆ ಗರ್ಭ ನಿಂತ ಗಂಡಸರನ್ನು ಲೆಕ್ಕ ಮಾಡಿ, ಅವರಲ್ಲಿ ನೂರಕ್ಕೆ ಐವರು ಇದಕ್ಕಿಂತ ಕೆಳಗಿದ್ದುದನ್ನು ನೋಡಿ ಹಾಕಿದ ಗೆರೆ. ಆದಕಾರಣ ಕಡಮೆಯೆಂದ ಮಾತ್ರಕ್ಕೆ ಇಲ್ಲವೆಂದಲ್ಲ.

ಇದಾದ ಮೇಲೆ ವೈದ್ಯನು ಕೈಯಿಂದ ಮುಟ್ಟಿ ನೋಡುತ್ತಾನೆ. ವೃಷಣದ ಸಿರೆಗಳು ಉಬ್ಬಿವೆಯೆ, ಬಾಲ್ಯದಲ್ಲಿ ವೃಷಣವು ಕೆಳಗೆ ಇಳಿಯದೆ ಹೊಟ್ಟೆಯೊಳಗೇ ನಿಂತಿತೆ, ಎಂದು ವಿಚಾರಿಸುತ್ತಾನೆ. ರಕ್ತದಲ್ಲಿ ಹಾರ್ಮೋನುಗಳನ್ನು ಅಳೆಸುತ್ತಾನೆ. ಬೇಕೆನಿಸಿದರೆ ಅಲ್ಟ್ರಾಸೌಂಡಿನಿಂದ ನೋಡಿಸುತ್ತಾನೆ. ಇಷ್ಟರಲ್ಲಿಯೇ ಬಹುಮಂದಿಯ ಸಂಗತಿ ತಿಳಿಯುತ್ತದೆ. ಇಷ್ಟರಿಂದಲೂ ತಿಳಿಯದೆ ಉಳಿದ ಕೆಲವರಿಗೆ ಮಾತ್ರ ಎಂ.ಆರ್.ಐ. ಎಂಬ ಕಾಂತಚಿತ್ರದ ಯಂತ್ರ ಬೇಕಾಗುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಬೆಲೆಯುಳ್ಳ ಯಂತ್ರದಲ್ಲಿ ಮಲಗಿದರೆ ಮಕ್ಕಳಾಗುತ್ತವೆಂದು ನಂಬಿ ಹೊಲವನ್ನು ಅಡವಿಡುವವರನ್ನೂ, ಹಾಗೆ ನಂಬಿಸುವವರನ್ನೂ ನಾವು ಕಾಣುತ್ತಿದ್ದೇವೆ. ಯಂತ್ರವು ತಾಯಿತವಲ್ಲ. ಅದು ನೋಡುತ್ತದೆ, ಅಷ್ಟೆ.

ಅದು ನೋಡುವ ಬಗೆ ಹೇಗೆ? ಇಲ್ಲಿಯೇ ನಮ್ಮ ಕಣಿವೆಯ ಪಾಠ ನೆರವಾಗುತ್ತದೆ. ಸುರುಳಿಯಾಗಿ ಸುತ್ತಿದ ತಂತಿಯ ಬಳಿಯಲ್ಲಿ ಕಾಂತವು ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಫ್ಯಾರಡೆಯು 1831ರಲ್ಲಿ ಕಂಡುಹಿಡಿದನು. ನಮ್ಮ ವಿದ್ಯುದಾಗಾರದಲ್ಲಿ ಕಾವೇರಿಯ ನೀರು ತಿರುಗಿಸುವುದು ಇಂಥ ಕಾಂತವನ್ನೇ. ದೇಹದಲ್ಲಿಯೂ ನೀರುಂಟು, ನೀರಿನಲ್ಲಿ ಜಲಜನಕವುಂಟು, ಜಲಜನಕದ ಪರಮಾಣುವಿನ ಬೀಜವು ಒಂದು ಅಣುಮಾತ್ರದ ಕಾಂತದಂತೆ ವರ್ತಿಸುತ್ತದೆ. ಯಂತ್ರದ ದೊಡ್ಡ ಕಾಂತವು ಭೂಮಿಯ ಕಾಂತಬಲಕ್ಕಿಂತ ಸುಮಾರು ಮೂವತ್ತು ಸಾವಿರ ಮಡಿ ಪ್ರಬಲ. ಅದರೊಳಗೆ ಮಲಗಿದವನ ದೇಹದ ಈ ಕಿರುಕಾಂತಗಳಲ್ಲಿ ಒಂದು ಅಂಶವು ಒಂದೇ ದಿಕ್ಕಿಗೆ ಒಲಿಯುತ್ತದೆ. ತಕ್ಕ ಶ್ರುತಿಯ ರೇಡಿಯೋ ಅಲೆಯನ್ನು ಕಳುಹಿಸಿದರೆ ಅವು ಓರೆಯಾಗಿ ಬುಗುರಿಯಂತೆ ತಿರುಗುತ್ತವೆ. ತಿರುಗುವಾಗ ಸುತ್ತಲಿರುವ ಸುರುಳಿಯಲ್ಲಿ ಅತ್ಯಂತ ಸೂಕ್ಷ್ಮವಾದ ವಿದ್ಯುತ್ತನ್ನು ಹುಟ್ಟಿಸುತ್ತವೆ. ಕಣಿವೆಯ ನಿಯಮವೂ ದೇಹದ ನಿಯಮವೂ ಒಂದೇ. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬವರು ಬೇರೆಬೇರೆಯಾಗಿ ಈ ಅನುರಣನವನ್ನು ಹಿಡಿದರು. 1973ರಲ್ಲಿ ಲಾಟರ್‌ಬರ್ ಎಂಬಾತನು ಅದರಿಂದ ಚಿತ್ರವನ್ನು ಕಟ್ಟುವ ದಾರಿಯನ್ನು ತೋರಿಸಿದನು. ಆತನಿಗೂ ಮ್ಯಾನ್ಸ್‌ಫೀಲ್ಡ್ ಎಂಬಾತನಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಕ್ಷ-ಕಿರಣದ ಸೋಂಕು ಇದರಲ್ಲಿ ಇಲ್ಲ. ಕತ್ತಿಯ ಗಾಯವೂ ಇಲ್ಲ.

ಪುರುಷನ ವಿಷಯದಲ್ಲಿ ಈ ಯಂತ್ರವು ಮುಖ್ಯವಾಗಿ ಮೂರು ಕಡೆ ಕೆಲಸಕ್ಕೆ ಬರುತ್ತದೆ. ಮೊದಲನೆಯದು ದಾರಿ. ವೀರ್ಯಾಣು ಹುಟ್ಟುತ್ತಿದ್ದರೂ ಹೊರಬರುವ ನಾಳವು ಕೊನೆಯಲ್ಲಿ ಕಟ್ಟಿರಬಹುದು. ವೀರ್ಯಕೋಶವು ಹುಟ್ಟುವಾಗಲೇ ಇಲ್ಲದಿರಬಹುದು. ಕಿಬ್ಬೊಟ್ಟೆಯ ಆಳದಲ್ಲಿರುವ ಇವುಗಳನ್ನು ಕಾಂತಚಿತ್ರವು ಚೆನ್ನಾಗಿ ತೋರಿಸುತ್ತದೆ. ಎರಡನೆಯದು ನೆಲೆ. ಇಳಿಯದೆ ಎಲ್ಲಿಯೋ ನಿಂತ ವೃಷಣವನ್ನು ಬೇರೆ ವಿಧದಿಂದ ಕಾಣಲಾಗದಿದ್ದಾಗ ಇದರಿಂದ ಹುಡುಕುವುದುಂಟು. ಮೂರನೆಯದು ಬಹುಮಂದಿ ಎಣಿಸದ ಸ್ಥಳ; ಅದು ತಲೆ. ಮಿದುಳಿನ ಬುಡದಲ್ಲಿ ಬಟಾಣಿಯಷ್ಟಿರುವ ಪಿಟ್ಯುಟರಿ ಗ್ರಂಥಿಯು ಅಪ್ಪಣೆ ಕೊಡದಿದ್ದರೆ ವೃಷಣವು ಕೆಲಸ ಮಾಡದು. ಅಲ್ಲಿ ಸಣ್ಣ ಗಂಟೊಂದು ಬೆಳೆದು ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚಿದರೆ ಆ ಅಪ್ಪಣೆ ನಿಂತುಹೋಗುತ್ತದೆ. ಇನ್ನು ಕೆಲವರಿಗೆ ಹುಟ್ಟಿನಿಂದ ಮಲ್ಲಿಗೆಯ ವಾಸನೆಯೇ ತಿಳಿಯದು. ಪ್ರಾಯವೂ ಸರಿಯಾಗಿ ಬಂದಿರದು. ವಾಸನೆಯನ್ನು ಗ್ರಹಿಸುವ ಮಿದುಳಿನ ಮೊಗ್ಗು ಬೆಳೆದಿಲ್ಲವೆಂಬುದನ್ನು ಚಿತ್ರವು ತೋರಿಸಿದಾಗ, ಎರಡೂ ಕುಂದುಗಳಿಗೆ ಬೇರು ಒಂದೇ ಎಂದು ತಿಳಿಯುತ್ತದೆ. ಇಂಥವರಿಗೆ ಹಾರ್ಮೋನಿನ ಚುಚ್ಚುಮದ್ದಿನಿಂದ ಎಷ್ಟೋ ವೇಳೆ ಬೀಜಶಕ್ತಿ ಬರುತ್ತದೆ. ವೃಷಣದಲ್ಲಿಯೇ ವೀರ್ಯಾಣು ಹುಟ್ಟುವ ಎಡೆ ಉಳಿದಿದೆಯೆ ಎಂಬುದನ್ನು ಚಿತ್ರದಿಂದಲೇ ಹೇಳಲು ವಿದ್ವಾಂಸರು ಪ್ರಯತ್ನ ಪಡುತ್ತಿದ್ದಾರೆ. ಆದರೆ ಅದು ಇನ್ನೂ ನಿತ್ಯದ ಚಿಕಿತ್ಸೆಯಲ್ಲಿ ನೆಲೆಗೊಂಡಿಲ್ಲ.

ಇಷ್ಟು ದಾರಿಗಳಿರುವಾಗ ಗಂಡಸು ಏಕೆ ಹಿಂಜರಿಯುತ್ತಾನೆ? ನಾನು ಕೇಳಿದ ಆಕ್ಷೇಪಣೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಲಜ್ಜೆಯೆಂಬುದು ಒಂದು. ಲಜ್ಜೆಯು ಗುಣವೇ ಹೌದು. ಆದರೆ ಅದು ಗಂಡನಿಗೆ ಗುಣವಾಗಿ, ಹೆಂಡತಿಗೆ ಬೇಡವಾದುದು ಹೇಗೆ? ಹೆಂಗಸನ್ನು ಮೂರು ಆಸ್ಪತ್ರೆಗಳ ಮೇಜಿನ ಮೇಲೆ ಮಲಗಿಸುವಾಗ ಯಾರಿಗೂ ನೆನಪಾಗದ ಲಜ್ಜೆ, ಗಂಡಸಿನ ಸರದಿ ಬಂದೊಡನೆ ನೆನಪಾಗುವುದಾದರೆ, ಅದರ ಹೆಸರು ಲಜ್ಜೆಯಲ್ಲ, ಅಹಂಕಾರ. ಇಬ್ಬರಲ್ಲಿ ಯಾರ ಪರೀಕ್ಷೆ ಸುಲಭವೋ ಅವರು ಮೊದಲು ನಿಲ್ಲುವುದು ನ್ಯಾಯ. ಸುಲಭವಾದುದು ಗಂಡಸಿನದು.

ದೈವೇಚ್ಛೆಯೆಂಬುದು ಇನ್ನೊಂದು. ದೈವವನ್ನು ನಾನು ನಂಬುತ್ತೇನೆ. ಆದರೆ ದೈವೇಚ್ಛೆಯೆಂದು ಸುಮ್ಮನಿರುವವನು ಎರಡನೆಯ ಮದುವೆಗೂ ಸುಮ್ಮನಿರಬೇಕಲ್ಲವೆ? ಮಕ್ಕಳಿಲ್ಲದ ದಶರಥನು ಇಷ್ಟಿಗೆ ತಾನೇ ದೀಕ್ಷಿತನಾಗಿ ಕುಳಿತನು. ಹೆಂಡತಿಯರನ್ನು ಮರ ಸುತ್ತಲು ಕಳುಹಿಸಿ ತಾನು ಒಡ್ಡೋಲಗದಲ್ಲಿ ಕೂರಲಿಲ್ಲ.

ತಿಳಿದರೆ ದುಃಖವಲ್ಲವೆ ಎಂಬುದು ಮೂರನೆಯದು. ಇದು ಗಂಭೀರವಾದ ಮಾತು. ಕೆಲವರ ವಿಷಯದಲ್ಲಿ ಉತ್ತರವು ಸೊನ್ನೆಯೆಂದೇ ಬರುತ್ತದೆ; ಯಾವ ಮದ್ದೂ ಕೈಹಿಡಿಯುವುದಿಲ್ಲ. ಆದರೆ ತಿಳಿಯದಿದ್ದರೆ ಆ ದುಃಖ ಇಲ್ಲವಾಗುವುದಿಲ್ಲ, ಪಕ್ಕದಲ್ಲಿರುವವಳ ಹೆಗಲಿಗೆ ಜಾರುತ್ತದೆ. ಭಾರತದ ಪಾಂಡುವನ್ನು ನೆನೆಯಬೇಕು. ತನ್ನಿಂದ ಸಂತಾನವಾಗದೆಂದು ತಿಳಿದಾಗ ಅವನು ಅದನ್ನು ಮುಚ್ಚಿಡಲಿಲ್ಲ. ಕುಂತಿಯನ್ನು ಕರೆದು ತಾನೇ ಹೇಳಿದನು. ಆದಕಾರಣವೇ ಕುಂತಿಯನ್ನು ಯಾರೂ ಬಂಜೆಯೆನ್ನಲಿಲ್ಲ. ಅವನು ಕಂಡುಕೊಂಡ ಪರಿಹಾರವು ಆ ಕಾಲದ್ದು; ಅವನ ಸತ್ಯವು ಎಲ್ಲ ಕಾಲದ್ದು.

ನಾಲ್ಕನೆಯ ಆಕ್ಷೇಪಣೆಯನ್ನು ನಮ್ಮ ಜಿಲ್ಲೆಯವರು ಮಾಡಿದರೆ ನಾನು ತಲೆತಗ್ಗಿಸಿ ಕೇಳಬೇಕಾಗಿದೆ. ದೇಹದೊಳಗನ್ನು ನೋಡುವ ಯಂತ್ರಗಳಿಂದ ನಮಗೆ ಒಳ್ಳೆಯದೇ ಆಯಿತೆ ಎಂದು ಅವರು ಕೇಳುತ್ತಾರೆ. 1994ರ ಕಾಯಿದೆಯು ಭ್ರೂಣಲಿಂಗದ ಪತ್ತೆಯನ್ನು ನಿಷೇಧಿಸಿದೆ. ಹಾಗಿದ್ದೂ ಮಂಡ್ಯದ ಸಮೀಪದ ಒಂದು ಆಲೆಮನೆಯಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನಿಟ್ಟು ಗರ್ಭದಲ್ಲಿರುವುದು ಹೆಣ್ಣೇ ಎಂದು ನೋಡಿ ಹೇಳುತ್ತಿದ್ದುದು 2023ರ ಕೊನೆಯಲ್ಲಿ ಬಯಲಿಗೆ ಬಂದಿತು. ಬೆಲ್ಲ ಕಾಯಿಸುವ ಮನೆಯಲ್ಲಿ ನಡೆದ ಆ ಕೆಲಸವನ್ನು ನೆನೆದರೆ ಬಾಯಿ ಕಹಿಯಾಗುತ್ತದೆ. ಆದರೆ ಆ ತಪ್ಪು ನೋಟದ್ದೆ, ನೋಡಿದವನದ್ದೆ? ಹುಟ್ಟದ ಹೆಣ್ಣನ್ನು ಅಳಿಸುವುದಕ್ಕಾಗಿ ನೋಡಲು ಒಪ್ಪಿದ ಕಣ್ಣೇ, ಬದುಕಿರುವ ಹೆಣ್ಣನ್ನು ಅಪವಾದದಿಂದ ಉಳಿಸಲು ತನ್ನನ್ನು ನೋಡಿಸಿಕೊಳ್ಳಲು ಒಪ್ಪದು. ಒಂದು ಕಡೆ ನೋಡಬಾರದುದನ್ನು ನೋಡುತ್ತೇವೆ. ಇನ್ನೊಂದು ಕಡೆ ನೋಡಬೇಕಾದುದನ್ನು ಬಿಡುತ್ತೇವೆ. ಎರಡರಲ್ಲಿಯೂ ಬೆಲೆ ತೆರುವವಳು ಹೆಣ್ಣೇ. ನಮ್ಮ ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಅರ್ಥಗಳಿವೆ. ಕಡಿದಾದ ದಿಣ್ಣೆಯೆಂಬುದು ಒಂದು, ಇಲ್ಲದ ಬಲವನ್ನು ಇದೆಯೆಂದು ತೋರಿಸಿ ಎದುರಾಳಿಯನ್ನು ಬೆದರಿಸುವುದು ಇನ್ನೊಂದು. ಈ ಎರಡನೆಯ ಬ್ಲಫ್ ಗಂಡಸಿನ ಊರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿಳಿಯದೆ ಉಳಿಯುವುದು ಅಸತ್ಯವೆ? ತಿಳಿಯುವ ಸಾಧನವಿಲ್ಲದವನ ಅಜ್ಞಾನಕ್ಕೆ ಕ್ಷಮೆಯುಂಟು. ಸಾಧನವಿದ್ದೂ ಅದರಿಂದ ಬೇರೆ ಯಾರಿಗೂ ಬಾಧೆಯಿಲ್ಲದಿದ್ದರೆ, ತಿಳಿಯುವುದೂ ಬಿಡುವುದೂ ಅವನವನ ಇಚ್ಛೆ. ಮಕ್ಕಳು ಬೇಡವೆಂದು, ಇಲ್ಲದಿದ್ದರೂ ಸರಿಯೆಂದು ಒಪ್ಪಿ ಬಾಳುವ ದಂಪತಿಗಳನ್ನು ಪರೀಕ್ಷೆಗೆ ಎಳೆಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಸಾಧನವಿದ್ದು, ತನ್ನ ಮೌನದಿಂದ ಇನ್ನೊಬ್ಬರ ಮೇಲೆ ಅಪರಾಧ ನಿಲ್ಲುತ್ತಿರುವುದನ್ನು ಕಂಡೂ ಸುಮ್ಮನಿರುವವನ ಅಜ್ಞಾನವು ಸುಳ್ಳುಸಾಕ್ಷಿಗೆ ಸಮಾನ. ಬಾಯಿ ತೆರೆಯದೆ ನುಡಿದ ಸುಳ್ಳು ಅದು.

ಹಾಗಾದರೆ ಪರೀಕ್ಷೆಯಲ್ಲಿ ಕುಂದು ಕಂಡ ಗಂಡಸನ್ನು ಅಪರಾಧಿಯೆನ್ನೋಣವೆ? ಅದೂ ಕೂಡದು. ಹೆಂಗಸಿನ ಹೆಗಲಿನಿಂದ ಇಳಿಸಿದ ಕಲ್ಲನ್ನು ಗಂಡಸಿನ ಹೆಗಲಿಗೆ ಏರಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಕಷ್ಟವೆಲ್ಲ ದೋಷವೆಂಬ ಒಂದು ಮಾತಿನಲ್ಲಿ ಸಿಕ್ಕಿಕೊಂಡಿದೆ. ವೈದ್ಯನು ದೋಷವೆಂದಾಗ ವಾತಪಿತ್ತಗಳ ವಿಕಾರವೆಂದು, ದೇಹದ ಕುಂದೆಂದು ಅರ್ಥ. ಧರ್ಮಶಾಸ್ತ್ರಜ್ಞನು ದೋಷವೆಂದಾಗ ತಪ್ಪು, ಪಾಪ ಎಂದು ಅರ್ಥ. ಮೊದಲನೆಯದರಲ್ಲಿ ಕರ್ತೃವಿಲ್ಲ, ಎರಡನೆಯದರಲ್ಲಿ ಕರ್ತೃವುಂಟು. ಈ ಎರಡನ್ನೂ ಬೆರಸಿದುದರಿಂದಲೇ ಬಂಜೆಯನ್ನು ಶುಭಕಾರ್ಯಕ್ಕೆ ಕರೆಯದಿರುವ ಕ್ರೌರ್ಯ ಹುಟ್ಟಿತು. ಈ ಎರಡನ್ನೂ ಬೆರಸಿದುದರಿಂದಲೇ ಗಂಡಸು ವೈದ್ಯನೆಂದರೆ ನ್ಯಾಯಾಧಿಪತಿಯೆಂದು ಹೆದರುತ್ತಾನೆ. ಕಾಂತದ ಯಂತ್ರವು ಕಾರಣವನ್ನು ತೋರಿಸುತ್ತದೆ, ಪಾಪವನ್ನು ತೋರಿಸುವುದಿಲ್ಲ. ಅದರ ಚಿತ್ರವು ಕೂಡ ಪ್ರತ್ಯಕ್ಷವಲ್ಲ, ಒಂದು ಬಗೆಯ ಅನುಮಾನವೇ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಸುರುಳಿಯ ಸೂಕ್ಷ್ಮ ವಿದ್ಯುತ್ತನ್ನು ಲೆಕ್ಕ ಹಾಕಿ ಒಳಗಿನ ಆಕಾರವನ್ನು ಊಹಿಸಿ ಬರೆದದ್ದು. ಬಲ್ಲವನು ಓದದಿದ್ದರೆ ಅದೂ ತಪ್ಪು ಹೇಳೀತು. ಕುಂದು ಇರುವುದು ದೋಷವಲ್ಲ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ದೋಷ.

ಬೀಜವಿಲ್ಲವೆಂದು ತಿಳಿದವನಿಗೆ ಮನುಷ್ಯತ್ವವಿಲ್ಲವೆಂದಲ್ಲ, ಪಿತೃತ್ವವೂ ಇಲ್ಲವೆಂದಲ್ಲ. ಎಂಟನೆಯ ವರ್ಷದ ವಿಧಿಯನ್ನು ಬರೆದ ಮನುವೇ ಪುತ್ರರನ್ನು ಹನ್ನೆರಡು ಬಗೆಯಾಗಿ ಎಣಿಸಿ, ಔರಸನೊಬ್ಬನೇ ಮಗನೆಂದು ಬಾಗಿಲು ಮುಚ್ಚದೆ, ದತ್ತಕನಿಗೆ ಗೌರವದ ಸ್ಥಾನವನ್ನು ಕೊಟ್ಟಿದ್ದಾನೆ. 1956ರ ಕಾಯಿದೆಯು ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳುವ ದಾರಿಯನ್ನು ತೆರೆಯಿತು. ಆದರೆ ಆ ಬಾಗಿಲವರೆಗೆ ದಂಪತಿಗಳು ಕೈಹಿಡಿದು ಹೋಗಬೇಕಾದರೆ, ಮೊದಲು ಇಬ್ಬರಿಗೂ ಸತ್ಯ ತಿಳಿದಿರಬೇಕು.

ಶಿಷ್ಯನ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಅಂದು ಅವನಿಗೆ ನಾನು ಉಪದೇಶ ಮಾಡಲಿಲ್ಲ. 1989ರ ಕಥೆಯನ್ನು, ನಾನು ನಕ್ಕದ್ದನ್ನೂ ಸೇರಿಸಿ, ಹೇಳಿದೆನು. ಒಂದು ವಾರ ಕಳೆದು ಅವನು ಪರೀಕ್ಷೆಗೆ ಹೋದನು. ವೀರ್ಯಾಣುಗಳು ಬಹಳ ಕಡಮೆಯೆಂದು ತಿಳಿಯಿತು. ಇನ್ನೊಂದು ಸಲ ನೋಡಿದಾಗಲೂ ಹಾಗೆಯೇ. ಅವನಿಗೆ ಬಹುದಿನಗಳಿಂದ ತಲೆನೋವಿತ್ತು, ಯಾರಿಗೂ ಹೇಳದ ಮತ್ತೊಂದು ನಿಶ್ಶಕ್ತಿಯೂ ಇತ್ತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಾಗಿರುವುದನ್ನು ಕಂಡು ವೈದ್ಯರು ತಲೆಯ ಎಂ.ಆರ್.ಐ. ಮಾಡಿಸಬೇಕೆಂದರು. ಇದಕ್ಕೂ ತಲೆಗೂ ಏನು ಸಂಬಂಧವೆಂದು ಮನೆಯವರು ಬೆರಗಾದರು. ಯಂತ್ರದ ಕೋಣೆಯ ಹೊರಗೆ ಲೋಹವನ್ನೆಲ್ಲ ತೆಗೆದಿಡಬೇಕೆಂದು ಹೇಳಿ, ಉಡಿದಾರದ ಬೆಳ್ಳಿಯನ್ನೂ ಕೊರಳಿನ ತಾಯಿತವನ್ನೂ ಬಿಚ್ಚಿಸಿದರಂತೆ. ಕೊಳವೆಯಂಥ ಯಂತ್ರದಲ್ಲಿ ಬಡಿಗನ ಅಂಗಡಿಯಂತೆ ಸದ್ದಾಗುತ್ತಿರಲು, ಅಲುಗಾಡದೆ ಅರ್ಧಗಂಟೆಯಷ್ಟು ಮಲಗಿದ್ದನಂತೆ. ಆ ಚಿತ್ರಗಳ ಲಕೋಟೆಯನ್ನೇ ಅವನು ನನ್ನ ಮನೆಗೆ ತಂದದ್ದು. ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಮಚ್ಚೆಯನ್ನು ಬೆರಳಿನಿಂದ ತೋರಿಸಿ, "ಇಷ್ಟೇ ಮೇಷ್ಟ್ರೇ" ಎಂದನು. ಆರು ವರ್ಷ ಒಂದು ಹೆಣ್ಣು ಹೊತ್ತ ಹೊರೆ ಅಷ್ಟು ಚಿಕ್ಕದಾಗಿತ್ತು.

ಅಂಥ ಗಂಟು ಬಹುಮಟ್ಟಿಗೆ ಮಾತ್ರೆಗಳಿಗೇ ಕುಗ್ಗುತ್ತದೆಂದು ವೈದ್ಯರು ಧೈರ್ಯ ಹೇಳಿದರು. ಮಾತ್ರೆ ನಡೆಯುತ್ತಿದೆ, ವೀರ್ಯಾಣುವೊಂದು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕಾದುದರಿಂದ ಫಲಕ್ಕೆ ಆತುರ ಪಡಬಾರದು. ಈಚಿನ ಪರೀಕ್ಷೆಯಲ್ಲಿ ಸಂಖ್ಯೆ ಏರಿದೆಯಂತೆ. ಮಗುವಾಗುತ್ತದೆಯೋ ಇಲ್ಲವೋ ನಾನು ಅರಿಯೆ. ಈ ಲೇಖನದ ವಾದವು ಅದರ ಮೇಲೆ ನಿಂತಿಲ್ಲ. ಲಕೋಟೆ ಕೈಗೆ ಬಂದ ಮಾರನೆಯ ದಿನವೇ ಅವನು ತಾನೇ ಹೆಂಡತಿಯ ತವರಿಗೆ ಹೋಗಿ, ಅವಳ ತಂದೆತಾಯಿಗಳ ಎದುರಿಗೆ ನಿಂತು, "ಕುಂದು ನನ್ನದು" ಎಂದು ಹೇಳಿ ಕರೆದುಕೊಂಡು ಬಂದನೆಂಬುದೇ ನನಗೆ ಮುಖ್ಯವಾದ ಸಂಗತಿ. ಈಗ ಅವನು ಊರಿನಲ್ಲಿ ತಲೆಯೆತ್ತಿಕೊಂಡೇ ತಿರುಗುತ್ತಿದ್ದಾನೆ.

ವಾಚಕಮಹಾಶಯರಲ್ಲಿ ನನ್ನ ಬಿನ್ನಹ ಇಷ್ಟೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ನ್ಯಾಯ ಜಗಲಿಗೆ ಬಂದರೆ, ಶ್ಲೋಕವನ್ನು ಹೇಳುವ ಮೊದಲು, ಗಂಡನನ್ನು ನೋಡಿಸಿದಿರಾ ಎಂದು ಒಂದು ಮಾತು ಕೇಳಿರಿ. ಕಂಬದ ಮರೆಯಿಂದ ಬಂದ ಆ ಮಾತಿಗೆ ಅಂದು ನಾನು ನಗೆಯನ್ನು ಉತ್ತರವಾಗಿ ಕೊಟ್ಟೆನು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ತಡವಾದರೂ, ಆ ತಾಯಿ ಹೇಳಿದ್ದೇ ಧರ್ಮವೆಂದು ಇಲ್ಲಿ ಬರೆದಿಡುತ್ತೇನೆ.